ಡೇವಿಯ ಕೈಗೆ ಹರಳು ಕೊಟ್ಟವರು

ಅಮೆರಿಕದ ಲೇಖಕಿ ಶರ್ಲಿ ಜಾಕ್ಸನ್ ಅವರ ‘ದಿ ಲಾಟರಿ’ ಕತೆಯನ್ನು ಓದಿದವರು ಅದರ ಕೊನೆಯನ್ನು ಮರೆಯುವುದಿಲ್ಲ. ಒಂದು ಊರಿನವರು ವರ್ಷಕ್ಕೊಮ್ಮೆ ಸೇರಿ ಚೀಟಿ ಎತ್ತುತ್ತಾರೆ, ಮೊದಲು ಒಂದು ಮನೆಯನ್ನು, ಆಮೇಲೆ ಆ ಮನೆಯ ಒಬ್ಬರನ್ನು ಆರಿಸಲು. ಗುರುತಿರುವ ಚೀಟಿ ಬಂದವರನ್ನು ಎಲ್ಲರೂ ಸೇರಿ ಕಲ್ಲು ಹೊಡೆದು ಕೊಲ್ಲುತ್ತಾರೆ. ನನ್ನನ್ನು ಕಾಡುವುದು ಮಾತ್ರ ಆ ಕೊನೆಗೆ ಸ್ವಲ್ಪ ಮೊದಲು ಬರುವ ಒಂದು ಸಣ್ಣ ಮಾತು. ಊರಿನವರು ಕಲ್ಲು ಎತ್ತಿಕೊಳ್ಳುತ್ತಿದ್ದಾರೆ. ಮಕ್ಕಳ ಕೈಗೆ ಆಗಲೇ ಕಲ್ಲು ಬಂದಿದೆ. ಆ ಗಡಿಬಿಡಿಯಲ್ಲಿ ಯಾರೋ ಒಬ್ಬರು ಪುಟ್ಟ ಡೇವಿ ಹಚಿನ್‌ಸನ್‌ನ ಕೈಗೂ ಒಂದಷ್ಟು ಹರಳು ಕೊಡುತ್ತಾರೆ. ಆ ಕಲ್ಲುಗಳೆಲ್ಲ ಬೀಳಬೇಕಾದದ್ದು ಅವನ ಅಮ್ಮ ಟೆಸ್ಸಿಯ ಮೇಲೆ. ಜಾಕ್ಸನ್ ಅಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಮೊದಲ ಸಲ ಓದಿದಾಗ ನಾನೂ ಅವರ ಹಿಂದೆಯೇ ಓಡಿದ್ದೆ. ಆಮೇಲೆ ಓದಿದಾಗಲೆಲ್ಲ ಅಲ್ಲೇ ನಿಂತುಬಿಡುತ್ತೇನೆ.

ಕೊಟ್ಟವರು ಯಾರು? ಈ ಕತೆಯಲ್ಲಿ ಹೆಸರಿಲ್ಲದೆ ಏನಾದರೂ ಮಾಡುವವರು ಕಡಿಮೆ. ಲಾಟರಿ ನಡೆಸುವವರು ಸಮರ್ಸ್, ಕಲ್ಲಿದ್ದಲಿನ ವ್ಯಾಪಾರಿ. ಮೂರು ಕಾಲಿನ ಸ್ಟೂಲು ಹೊತ್ತು ತರುವವರು ಪೋಸ್ಟ್‌ಮಾಸ್ಟರ್ ಗ್ರೇವ್ಸ್. ಕಪ್ಪು ಪೆಟ್ಟಿಗೆ ಅಲ್ಲಾಡದಂತೆ ಹಿಡಿದುಕೊಳ್ಳುವವರು ಮಾರ್ಟಿನ್ ಮತ್ತು ಅವರ ಹಿರಿಮಗ ಬ್ಯಾಕ್‌ಸ್ಟರ್. ಜೇಬಿನ ತುಂಬ ಕಲ್ಲು ತುಂಬಿಕೊಳ್ಳುವ ಹುಡುಗ ಬಾಬಿ ಮಾರ್ಟಿನ್. ಎರಡು ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡ ಕಲ್ಲು ಆರಿಸಿಕೊಳ್ಳುವವಳು ಮಿಸೆಸ್ ಡೆಲಾಕ್ರೋ. ಪ್ರತಿಯೊಂದು ಕೆಲಸಕ್ಕೂ ಒಂದು ಹೆಸರಿದೆ, ಒಂದು ಮನೆತನವಿದೆ. ಎಲ್ಲಕ್ಕಿಂತ ಹೀನವಾದ ಈ ಒಂದು ಕೆಲಸಕ್ಕೆ ಮಾತ್ರ ಹೆಸರಿಲ್ಲ. ಕೊಟ್ಟವರಿಗೇ ಅದು ಒಂದು ಕೆಲಸ ಅನ್ನಿಸಿರಲಿಕ್ಕಿಲ್ಲ. ಮಗು ಬರಿಗೈಯಲ್ಲಿ ನಿಂತಿದೆ, ಎಲ್ಲರ ಹತ್ತಿರ ಇರುವುದು ಅದರ ಹತ್ತಿರ ಇಲ್ಲ, ಪಾಪ, ಅದಕ್ಕೂ ಇರಲಿ ಅಂದುಕೊಂಡು ಕೊಟ್ಟಿರಬೇಕು. ಜಾತ್ರೆಯಲ್ಲಿ ಪರಿಚಯದ ಮಗುವಿಗೆ ಒಂದು ಹಿಡಿ ಬೆಂಡು ಬತ್ತಾಸು ಕೊಟ್ಟಷ್ಟೇ ಸಲೀಸಾಗಿ.

ಸಮಾಜ ಒಬ್ಬರನ್ನು ಹೊರಗಿಡುವ ಕತೆಗಳನ್ನು ಓದುವಾಗ ನಮ್ಮ ಕಣ್ಣು ಹೊರಗಾದವರ ಮೇಲೇ ಇರುತ್ತದೆ. ಇರಬೇಕಾದದ್ದೇ. ಆದರೆ ಈ ಕತೆಗಳಲ್ಲಿ ಹೆಚ್ಚುಕಡಿಮೆ ಯಾವಾಗಲೂ ಪಕ್ಕದಲ್ಲಿ ಒಬ್ಬ ಎಳೆಯರು ನಿಂತಿರುತ್ತಾರೆ. ಮಗು, ತಂಗಿ, ಕಚೇರಿಗೆ ಹೊಸದಾಗಿ ಸೇರಿದ ಹುಡುಗ, ಪಾಠಶಾಲೆಗೆ ಬಂದ ಮಾಣಿ. ಊರಿನ ರೂಢಿ ಆ ಎಳೆಯ ಕೈಗೆ ದಾಟುತ್ತದೆಯೋ ಇಲ್ಲವೋ ಎನ್ನುವುದರಲ್ಲಿ ಕತೆಯ ಅರ್ಧ ಜೀವ ಇದೆ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಅದನ್ನೇ ಇಲ್ಲಿ ಬಿಡಿಸಿ ನೋಡುತ್ತೇನೆ.

ಒಳ್ಳೆಯ ಜನರ ಊರು

‘ದಿ ಲಾಟರಿ’ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಅಚ್ಚಾದದ್ದು 1948ರ ಜೂನ್ 26ರಂದು. ಕತೆಯೊಳಗಿನ ದಿನ ಜೂನ್ 27. ಮುನ್ನೂರು ಜನರ ಊರು, ಬೆಳಿಗ್ಗೆ ಹತ್ತು ಗಂಟೆ, ಅಂಚೆ ಕಚೇರಿ ಮತ್ತು ಬ್ಯಾಂಕಿನ ನಡುವಿನ ಬಯಲು. ಎಲ್ಲ ಮುಗಿಯಲು ಎರಡು ಗಂಟೆಯೂ ಬೇಡ, ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರಬಹುದು. ಗಂಡಸರು ಮಳೆ, ಬಿತ್ತನೆ, ಟ್ರ್ಯಾಕ್ಟರು, ತೆರಿಗೆಯ ಮಾತಾಡುತ್ತಾರೆ. ಹೆಂಗಸರು ತೊಳೆದು ಬಣ್ಣ ಹೋದ ಮನೆ ಉಡುಪಿನಲ್ಲೇ ಬಂದು ಅದೂ ಇದೂ ಮಾತಾಡುತ್ತ ನಿಲ್ಲುತ್ತಾರೆ. ಸಮರ್ಸ್ ಊರಿನ ಕುಣಿತಗಳನ್ನೂ ಹುಡುಗರ ಕ್ಲಬ್ಬನ್ನೂ ನೋಡಿಕೊಳ್ಳುವ ಮನುಷ್ಯ. ಸಾರ್ವಜನಿಕ ಕೆಲಸಕ್ಕೆ ಪುರುಸೊತ್ತೂ ಹುಮ್ಮಸ್ಸೂ ಇರುವ ಇಂಥ ಒಬ್ಬರು ಪ್ರತಿ ಊರಿನಲ್ಲೂ ಇರುತ್ತಾರೆ. ಇಲ್ಲಿ ಒಬ್ಬನೇ ಒಬ್ಬ ದುಷ್ಟನಿಲ್ಲ. ಟೆಸ್ಸಿಯ ಮೇಲೆ ಯಾರಿಗೂ ದ್ವೇಷವಿಲ್ಲ. ಪಾತ್ರೆ ತೊಳೆಯುತ್ತಿದ್ದೆ, ಇವತ್ತು ಯಾವ ದಿನ ಅನ್ನುವುದೇ ಮರೆತುಹೋಯಿತು ಎನ್ನುತ್ತ ಅವಳು ಓಡಿಬಂದಾಗ ಪಕ್ಕದಲ್ಲಿ ನಿಂತು ಮೆಲ್ಲಗೆ ನಕ್ಕವಳು ಅದೇ ಮಿಸೆಸ್ ಡೆಲಾಕ್ರೋ. ದೊಡ್ಡ ಕಲ್ಲು ಎತ್ತುವವಳೂ ಅವಳೇ. ಅವಳ ನಗು ನಾಟಕವೇನಲ್ಲ. ನಗುವಾಗ ನಿಜವಾಗಿ ಗೆಳತಿ. ಕಲ್ಲು ಎತ್ತುವಾಗಲೂ ಅವಳಿಗೆ ತನ್ನಲ್ಲಿ ಏನೋ ಬದಲಾಯಿತು ಎಂದು ಅನ್ನಿಸುವುದಿಲ್ಲ.

ಆಡಮ್ಸ್ ಎಂಬವನನ್ನು ಮಾತ್ರ ನಾನು ಎಷ್ಟು ಓದಿದರೂ ನೆಮ್ಮದಿಯಿಂದ ದಾಟಲಾರೆ. ಚೀಟಿ ಎತ್ತುತ್ತಿರುವಾಗ ಅವನು ಪಕ್ಕದ ಮುದುಕ ವಾರ್ನರ್‌ಗೆ ಹೇಳುತ್ತಾನೆ, ಉತ್ತರದ ಊರಿನಲ್ಲಿ ಲಾಟರಿ ನಿಲ್ಲಿಸುವ ಮಾತು ನಡೆದಿದೆಯಂತೆ. ಅವನ ಹೆಂಡತಿಯೂ ದನಿಗೂಡಿಸುತ್ತಾಳೆ, ಕೆಲವು ಕಡೆ ಆಗಲೇ ನಿಲ್ಲಿಸಿದ್ದಾರೆ. ಇಡೀ ಕತೆಯಲ್ಲಿ ಬೇರೆ ದಾರಿಯೊಂದು ಇದೆ ಎಂದು ಬಾಯಿಬಿಟ್ಟವರು ಈ ಗಂಡಹೆಂಡಿರು ಮಾತ್ರ. ಎಪ್ಪತ್ತೇಳನೇ ಸಲ ಲಾಟರಿಗೆ ನಿಂತಿರುವ ವಾರ್ನರ್, ಅವರೆಲ್ಲ ತಲೆಕೆಟ್ಟವರು, ಇನ್ನು ಗುಹೆಯಲ್ಲಿ ವಾಸಕ್ಕೆ ಹೋಗುತ್ತಾರೆ ಎಂದು ಗೊಣಗುತ್ತಾನೆ. ಮಾತು ಅಲ್ಲಿಗೆ ನಿಂತುಹೋಗುತ್ತದೆ. ಕೊನೆಯಲ್ಲಿ ಜನ ಟೆಸ್ಸಿಯ ಕಡೆಗೆ ನುಗ್ಗುವಾಗ ಗುಂಪಿನ ಮುಂಭಾಗದಲ್ಲಿ ಇರುವವನು ಯಾರು? ಇದೇ ಆಡಮ್ಸ್. ಜಾಕ್ಸನ್ ಇದನ್ನು ವಿವರಿಸುವುದಿಲ್ಲ. ಸಂಶಯದ ಮಾತಾಡಿದವನಿಗೆ ತಾನೂ ಎಲ್ಲರಂತೆಯೇ ಎಂದು ತೋರಿಸಿಕೊಳ್ಳುವ ಅವಸರ ಉಳಿದವರಿಗಿಂತ ಒಂದು ಕೈ ಹೆಚ್ಚಿರುತ್ತದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಸಂಘ ಸಂಸ್ಥೆಗಳಲ್ಲಿ, ಕುಟುಂಬಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಮನೆಯಲ್ಲಿ ಕೂತು ‘ಇದು ಸರಿಯಲ್ಲ ಬಿಡಿ’ ಎಂದವರೇ ಸಭೆಯಲ್ಲಿ ಮೊದಲು ಕೈ ಎತ್ತುತ್ತಾರೆ.

ಟೆಸ್ಸಿಯನ್ನೂ ನಾವು ಬಂಡಾಯಗಾರ್ತಿ ಮಾಡಬೇಕಾಗಿಲ್ಲ. ಅವಳು ಬಾಯಿ ತೆರೆಯುವುದು ಚೀಟಿ ತನ್ನ ಮನೆಗೆ ಬಂದ ಮೇಲೆ. ಅವಳ ದೂರು ಲಾಟರಿಯ ಮೇಲಲ್ಲ, ಗಂಡನಿಗೆ ಚೀಟಿ ಆರಿಸಿಕೊಳ್ಳಲು ಸಾಕಷ್ಟು ಸಮಯ ಕೊಡಲಿಲ್ಲ ಎನ್ನುವುದರ ಮೇಲೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮದುವೆಯಾಗಿ ಹೋದ ಮಗಳು ಈವಾಳನ್ನೂ ಅಳಿಯನನ್ನೂ ನಮ್ಮ ಮನೆಯ ಲೆಕ್ಕಕ್ಕೇ ಸೇರಿಸಿ, ಅವರೂ ಚೀಟಿ ಎತ್ತಲಿ ಎನ್ನುತ್ತಾಳೆ. ಹೆಣ್ಣುಮಕ್ಕಳು ಗಂಡನ ಮನೆಯ ಲೆಕ್ಕ, ಅದು ನಿನಗೂ ಗೊತ್ತು ಎಂದು ಸಮರ್ಸ್ ಮೆತ್ತಗೆ ನೆನಪಿಸುತ್ತಾರೆ. ಆ ತಾಯಿ ಆ ಗಳಿಗೆಯಲ್ಲಿ ಮಗಳನ್ನು ಮುಂದೆ ತಳ್ಳುತ್ತಿದ್ದಾಳೆ. ಓದುವಾಗ ಮೈ ನಡುಗುತ್ತದೆ. ಅವಳು ಕೆಟ್ಟವಳು ಎಂದು ಹೇಳಲು ಮಾತ್ರ ನನಗೆ ಬಾಯಿ ಬರುವುದಿಲ್ಲ. ಜೀವನವಿಡೀ ಆ ಬಯಲಿನಲ್ಲಿ ನಿಂತು ಕಲಿತ ಭಾಷೆಯಲ್ಲಿ ಅವಳಿಗೆ ಬೇರೆ ಏನು ಹೇಳಲು ಬರುತ್ತದೆ? ಇದು ನಡೆಯಲೇಬಾರದು ಎನ್ನುವ ಮಾತು ಆ ಊರಿನ ಯಾವ ಮನೆಯಲ್ಲೂ ಯಾರೂ ಯಾರಿಗೂ ಕಲಿಸಿಲ್ಲ.

ಮಕ್ಕಳ ಚೀಟಿ ಬಿಚ್ಚುವ ಭಾಗವನ್ನು ನಿಧಾನವಾಗಿ ಓದಬೇಕು. ಡೇವಿಗೆ ಚೀಟಿ ಎತ್ತಲೂ ಬರುವುದಿಲ್ಲ. ಸಮರ್ಸ್ ಒಂದೇ ಒಂದು ಚೀಟಿ ತಗೋ ಎಂದು ಹೇಳಿಕೊಡುತ್ತಾರೆ, ಗ್ರೇವ್ಸ್ ಅದನ್ನು ಅವನ ಪುಟ್ಟ ಮುಷ್ಟಿಯಿಂದ ಬಿಡಿಸಿ ಇಟ್ಟುಕೊಳ್ಳುತ್ತಾರೆ. ಅವನದು ಖಾಲಿ ಎಂದು ಗೊತ್ತಾದಾಗ ಜನರೆಲ್ಲ ಉಸಿರು ಬಿಡುತ್ತಾರೆ. ಆ ಉಸಿರು ಸುಳ್ಳಲ್ಲ. ಮಗು ಉಳಿಯಿತಲ್ಲ ಎಂದು ಅವರಿಗೆ ನಿಜವಾಗಿ ಸಮಾಧಾನವಾಗಿದೆ. ಹನ್ನೆರಡು ವರ್ಷದ ನ್ಯಾನ್ಸಿ ಮತ್ತು ಅವಳ ಅಣ್ಣ ಬಿಲ್ ತಮ್ಮ ಚೀಟಿ ಬಿಚ್ಚಿ, ಖಾಲಿ ಇರುವುದನ್ನು ನೋಡಿ ಮುಖ ಅರಳಿಸಿ ನಗುತ್ತಾರೆ. ಉಳಿದಿರುವುದು ಅಪ್ಪ ಮತ್ತು ಅಮ್ಮ. ತಾವು ಉಳಿದೆವು ಅಂದರೆ ಅವರಿಬ್ಬರಲ್ಲಿ ಒಬ್ಬರು ಎಂದು ಆ ಮಕ್ಕಳಿಗೆ ಇನ್ನೂ ಹೊಳೆದಿಲ್ಲ. ಮಗುವಿಗಾಗಿ ಉಸಿರುಬಿಟ್ಟ ಜನರಲ್ಲೇ ಒಬ್ಬರು ಇನ್ನು ಸ್ವಲ್ಪ ಹೊತ್ತಿಗೆ ಅದೇ ಮಗುವಿನ ಕೈಗೆ ಹರಳು ಕೊಡಲಿದ್ದಾರೆ.

ಕೆಳಗಿನ ಮನೆ ಬಿಟ್ಟು

ನಮ್ಮ ಕಡೆ, ಮಲೆನಾಡಿನಲ್ಲಿ, ಮನೆಯಲ್ಲಿ ಪೂಜೆಯಿದ್ದರೆ ಹಿಂದಿನ ದಿನ ಮಕ್ಕಳನ್ನು ಮನೆಮನೆಗೆ ಕಳಿಸಿ ಹೇಳಿಸುವ ಪದ್ಧತಿ ಇತ್ತು. ಬಾಗಿಲಲ್ಲಿ ನಿಂತು, ‘ನಾಳೆ ನಮ್ಮನೇಲಿ ಸತ್ಯನಾರಾಯಣ ಪೂಜೆ, ಎಲ್ಲರೂ ಊಟಕ್ಕೆ ಬರ್ಬೇಕಂತೆ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಓಡಿಬರುವುದು. ಮಕ್ಕಳಿಗೆ ಅದು ಬಹಳ ದೊಡ್ಡ ಜವಾಬ್ದಾರಿ. ಯಾವ ಮನೆಯಲ್ಲಿ ಬೆಲ್ಲದ ಚೂರು ಸಿಗುತ್ತದೆ, ಯಾವ ಮನೆಯಲ್ಲಿ ನಾಯಿ ಕಟ್ಟಿರುವುದಿಲ್ಲ ಎಂಬುದೆಲ್ಲ ನಮಗೆ ಬಾಯಿಪಾಠ. ಹೊರಡುವ ಮುಂಚೆ ಅಜ್ಜಿ ಮನೆಗಳ ಪಟ್ಟಿ ಹೇಳುತ್ತಿದ್ದಳು. ಮೇಲಿನ ಮನೆ, ಹೊಸಮನೆ, ದರೆ ಮನೆ, ಹೊಳೆಯಾಚೆಯ ಎರಡು ಮನೆ. ಕೊನೆಗೆ ಅದೇ ದನಿಯಲ್ಲಿ, ‘ಕೆಳಗಿನ ಮನೆ ಬಿಟ್ಟು.’

ಕೆಳಗಿನ ಮನೆಯವರನ್ನು ನಮ್ಮವರು ‘ಹೊರಗೆ ಹಾಕಿದ್ದರು’. ಆ ಮನೆಯ ಹುಡುಗ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗಿದ್ದ, ಅಪ್ಪ ಅಮ್ಮ ಅವರಿಬ್ಬರನ್ನೂ ಮನೆಗೆ ಸೇರಿಸಿಕೊಂಡಿದ್ದರು. ಅವರ ಮನೆಯ ಪೂಜೆಗೆ ಯಾರೂ ಹೋಗುತ್ತಿರಲಿಲ್ಲ, ಇವರ ಮನೆಗಳ ಪಂಕ್ತಿಯಲ್ಲಿ ಅವರಿಗೆ ಎಲೆ ಇರಲಿಲ್ಲ. ಹಾಗಂತ ಜಗಳವೇನೂ ಇರಲಿಲ್ಲ. ಹಲಸಿನ ಹಣ್ಣಿನ ಕಾಲದಲ್ಲಿ ಅಜ್ಜಿ ಕಡುಬು ಮಾಡಿದರೆ ನಾಲ್ಕು ಕಡುಬನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದಳು. ‘ಉಣುಗೋಲಿನ ಹತ್ರ ಕಲ್ಲಿನ ಮೇಲಿಟ್ಟು ಕೂಗಿ ಬಾ ಮಗ. ಒಳಗೆ ಹೋಗ್ಬೇಡ. ನೀರು ಕೊಟ್ರೆ ಕುಡೀಬೇಡ.’ ಪ್ರೀತಿಯೂ ಕಟ್ಟಳೆಯೂ ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಅಜ್ಜಿಯ ಕಣ್ಣಿನಲ್ಲಿ ಅವೆರಡಕ್ಕೂ ಜಗಳವೇ ಇರಲಿಲ್ಲ.

ಒಂದು ಸಲ ಹೇಳಿಕೆಗೆ ಹೊರಟವಳು ಕೆಳಗಿನ ಮನೆಯ ಅಂಗಳದ ಪಕ್ಕದಲ್ಲೇ ಹಾದುಹೋಗಬೇಕಾಯಿತು. ಆ ಮನೆಯ ಅಮ್ಮ ಅಂಗಳದಲ್ಲಿ ಹರಡಿದ ಅಡಿಕೆಯನ್ನು ಕಾಲಿನಿಂದ ಕೈಯಾಡಿಸಿದ ಹಾಗೆ ತಿರುವುತ್ತಿದ್ದರು. ನನ್ನನ್ನು ನೋಡಿ, ‘ಏನು ಮಗ, ನಾಳೆ ಪೂಜೆನಾ?’ ಎಂದರು. ಏನು ಉತ್ತರ ಕೊಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೌದು ಅಂದರೆ ಬನ್ನಿ ಅನ್ನಬೇಕು. ಬನ್ನಿ ಅನ್ನುವ ಹಾಗಿಲ್ಲ. ಇಲ್ಲ ಅಂದರೆ ಸುಳ್ಳು. ಲಂಗದ ಅಂಚು ಹಿಂಡುತ್ತ ನಿಂತೆ. ನನ್ನ ಫಜೀತಿ ಅವರಿಗೆ ಒಂದೇ ನೋಟದಲ್ಲಿ ತಿಳಿಯಿತು. ‘ಸರಿ ಸರಿ, ಹೋಗು, ಬಿಸಿಲಾಯ್ತು. ದರೆ ಹತ್ತುವಾಗ ಜಾರೀತು, ಜೋಪಾನ’ ಎಂದು ಅವರೇ ನನ್ನನ್ನು ಬಿಡಿಸಿ ಕಳಿಸಿದರು. ಹೊರಗೆ ಹಾಕಿಸಿಕೊಂಡವರು, ತಮ್ಮನ್ನು ಹೊರಗೆ ಹಾಕುವ ಕೆಲಸಕ್ಕೆ ಬಂದ ಮಗುವಿಗೆ ಸಹಾಯ ಮಾಡಿದರು. ಅವರಿಗೂ ಆ ಕಟ್ಟಳೆ ಗೊತ್ತಿತ್ತು. ಹುಡುಗಿಯಾಗಿದ್ದಾಗ ಅವರೂ ಇಂಥದೇ ಪಟ್ಟಿ ಹಿಡಿದು ಮನೆಮನೆಗೆ ಹೋಗಿರುತ್ತಾರೆ.

ಈಗ ಆ ಊರಿನಲ್ಲಿ ಮಕ್ಕಳನ್ನು ಹೇಳಿಕೆಗೆ ಕಳಿಸುವುದಿಲ್ಲ, ವಾಟ್ಸಾಪಿನಲ್ಲಿ ಒಂದು ಕಾರ್ಡು ಹೋಗುತ್ತದೆ. ಬಹಿಷ್ಕಾರದ ಸುದ್ದಿ ಮಾತ್ರ ಪತ್ರಿಕೆಗಳಲ್ಲಿ ನಿಂತಿಲ್ಲ. ಪಕ್ಕದ ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಕಾನೂನು ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಪಂಚಾಯ್ತಿ ಸೇರಿಸಿ ತೀರ್ಪು ಕೊಟ್ಟವರನ್ನು ಅದು ಹಿಡಿದೀತು. ಬಾಳೆಲೆ ಸುತ್ತುತ್ತ ‘ಒಳಗೆ ಹೋಗ್ಬೇಡ’ ಎನ್ನುವ ಅಜ್ಜಿಯರನ್ನು ಯಾವ ಸೆಕ್ಷನ್ನಿನಲ್ಲಿ ಹಿಡಿಯುವುದು?

ಗುಮಾಸ್ತರ ಕೋಣೆಗೆ ಹೊಸದಾಗಿ ಬಂದವನು

ರಷ್ಯನ್ ಲೇಖಕ ಗೊಗೊಲ್‌ನ ‘ಓವರ್‌ಕೋಟ್’ ಕತೆ 1842ರದು. ಅಕಾಕಿ ಅಕಾಕಿಯೆವಿಚ್ ಪೀಟರ್ಸ್‌ಬರ್ಗಿನ ಕಚೇರಿಯೊಂದರಲ್ಲಿ ಕಾಗದಪತ್ರ ನಕಲು ಮಾಡುವವನು. ಅಕ್ಷರಗಳೆಂದರೆ ಅವನಿಗೆ ಪ್ರಾಣ, ಕೆಲವು ಅಕ್ಷರ ಬಂದರೆ ಮುಖವೇ ಅರಳುತ್ತದೆ. ಸಹೋದ್ಯೋಗಿಗಳು ಕಾಗದದ ಚೂರುಗಳನ್ನು ಅವನ ತಲೆಯ ಮೇಲೆ ಉದುರಿಸಿ ಹಿಮ ಬೀಳುತ್ತಿದೆ ಎನ್ನುತ್ತಾರೆ. ಅವನ ಮನೆಯೊಡತಿ ಎಪ್ಪತ್ತು ವರ್ಷದ ಮುದುಕಿ, ಅವಳ ಜೊತೆ ಮದುವೆ ಯಾವಾಗ ಎಂದು ಕೇಳುತ್ತಾರೆ. ಅವನು ತಲೆ ಎತ್ತದೆ ಬರೆಯುತ್ತಿರುತ್ತಾನೆ. ಕೈಗೆ ತಗುಲಿ ಬರೆಯಲಿಕ್ಕೇ ಆಗದ ಹಾಗೆ ಕಾಡಿದಾಗ ಮಾತ್ರ, ನನ್ನನ್ನು ಬಿಟ್ಟುಬಿಡಿ, ಯಾಕೆ ಹೀಗೆ ನೋಯಿಸುತ್ತೀರಿ ಎನ್ನುತ್ತಾನೆ.

ಇಲ್ಲಿಗೆ ಒಬ್ಬ ತರುಣ ಬರುತ್ತಾನೆ. ಕೆಲಸಕ್ಕೆ ಹೊಸಬ. ಉಳಿದವರನ್ನು ನೋಡಿ ತಾನೂ ಗೇಲಿ ಮಾಡಲು ಹೊರಟಿರುತ್ತಾನೆ. ಅಕಾಕಿಯ ಮೇಲೆ ಅವನಿಗೇನು ಸಿಟ್ಟು? ಏನೂ ಇಲ್ಲ. ಆ ಕೋಣೆಯಲ್ಲಿ ಗೇಲಿ ಮಾಡಿದರೆ ಒಳಗಿನವನಾಗುತ್ತಾನೆ, ಅಷ್ಟೇ. ಕಾಲೇಜು ಹಾಸ್ಟೆಲುಗಳಲ್ಲಿ, ಹೊಸ ಕೆಲಸದ ಮೊದಲ ತಿಂಗಳಲ್ಲಿ ನಡೆಯುವುದೂ ಇದೇ. ಆದರೆ ಅಕಾಕಿಯ ಆ ಮಾತು ಕಿವಿಗೆ ಬಿದ್ದದ್ದೇ ತಡ ಈ ಹುಡುಗ ಇರಿತ ತಿಂದವನ ಹಾಗೆ ನಿಂತುಬಿಡುತ್ತಾನೆ. ನಾನು ನಿನ್ನ ಅಣ್ಣತಮ್ಮ ಎನ್ನುವ ಇನ್ನೊಂದು ಮಾತು ಅದರೊಳಗಿಂದ ಅವನಿಗೆ ಕೇಳಿಸುತ್ತದೆ. ಆಮೇಲೆ ಎಷ್ಟೋ ಕಾಲ, ಅತಿ ಸಂತೋಷದ ಗಳಿಗೆಗಳಲ್ಲೂ, ಬೋಳುತಲೆಯ ಆ ಕುಳ್ಳ ಗುಮಾಸ್ತ ಕಣ್ಣಮುಂದೆ ಬಂದು ಅವನು ಮುಖ ಮುಚ್ಚಿಕೊಳ್ಳುತ್ತಾನೆ. ಗೊಗೊಲ್ ಇವನಿಗೆ ಒಂದು ಪ್ಯಾರಾ ಕೊಟ್ಟಿದ್ದಾನೆ, ಹೆಸರು ಕೊಟ್ಟಿಲ್ಲ. ಮುಂದೆ ಇವನು ಕತೆಗೆ ತಿರುಗಿ ಬರುವುದೂ ಇಲ್ಲ. ಅಕಾಕಿ ಸಂಜೆಯ ಚಹಾ ಬಿಟ್ಟು, ಮೇಣದ ಬತ್ತಿ ಹಚ್ಚದೆ, ಅಟ್ಟೆ ಸವೆಯಬಾರದೆಂದು ತುದಿಗಾಲಲ್ಲಿ ನಡೆದು ಎಂಬತ್ತು ರೂಬಲ್ ಕೂಡಿಸುವಾಗ ಇವನೆಲ್ಲಿದ್ದ? ಕೋಟು ಕಳವಾದ ಮೇಲೆ, ದೊಡ್ಡ ಅಧಿಕಾರಿ ಗದರಿಸಿ ಕಳಿಸಿದ ಮೇಲೆ, ಜ್ವರ ಬಂದು ಮಲಗಿದಾಗ ಇವನು ಹೋಗಿ ನೋಡಿದನೇ? ಅಕಾಕಿ ಸತ್ತ ಸುದ್ದಿ ಕಚೇರಿಗೆ ತಿಳಿಯುವುದೇ ನಾಲ್ಕು ದಿನ ಕಳೆದ ಮೇಲೆ. ಮರುದಿನವೇ ಅವನ ಜಾಗದಲ್ಲಿ ಇನ್ನೊಬ್ಬ ಬಂದು ಕೂರುತ್ತಾನೆ, ಎತ್ತರದವನು, ಓರೆ ಅಕ್ಷರದವನು.

ಅಂದರೆ ಆ ತರುಣ ಗೇಲಿಯನ್ನು ನಿಲ್ಲಿಸಿದ, ಅಷ್ಟೇ. ಅಕಾಕಿಯ ಪಕ್ಕದಲ್ಲಿ ಹೋಗಿ ಕೂತ ಎಂದು ಗೊಗೊಲ್ ಎಲ್ಲೂ ಹೇಳುವುದಿಲ್ಲ. ಇದು ಸಾಲದು ಎಂದು ನನಗೂ ಗೊತ್ತು. ಆದರೂ ‘ದಿ ಲಾಟರಿ’ಯ ಬಯಲಿನಿಂದ ಬಂದವಳಿಗೆ ಇದು ಸಣ್ಣದಾಗಿ ಕಾಣುವುದಿಲ್ಲ. ಕೈಗೆ ಬಂದ ಕಲ್ಲನ್ನು ಒಬ್ಬ ಕೆಳಗೆ ಬಿಟ್ಟ. ಯಾರೂ ಹೇಳಿಕೊಡದೆ ಬಿಟ್ಟ. ಮುನ್ನೂರು ಜನರಲ್ಲಿ ಒಬ್ಬರಿಗೂ ಆಗದ್ದು ಅದು.

ಇದಕ್ಕೆ ತಿರುವುಮುರುವಾಗಿ ನಡೆಯುವವಳು ಕಾಫ್ಕಾನ ಗ್ರೇಟೆ. 1915ರಲ್ಲಿ ಬಂದ ‘ರೂಪಾಂತರ’ದಲ್ಲಿ ಹುಳುವಾದ ಗ್ರೆಗೊರ್‌ನ ತಂಗಿ, ಹದಿನೇಳರ ಹುಡುಗಿ. ಮೊದಮೊದಲು ಅವನಿಗೆ ಏನು ರುಚಿಸುತ್ತದೋ ಎಂದು ಹಳೆಯ ತರಕಾರಿ, ಚೀಸು, ಒಣ ಬ್ರೆಡ್ಡು ಎಲ್ಲವನ್ನೂ ಪತ್ರಿಕೆಯ ಮೇಲೆ ಹರಡಿಟ್ಟು, ಅವನಿಗೆ ಸಂಕೋಚವಾಗದಿರಲಿ ಎಂದು ಬಾಗಿಲು ಹಾಕಿಕೊಂಡು ಹೋಗುವವಳು ಅವಳು. ಇದನ್ನು ತೊಲಗಿಸಲೇಬೇಕು ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳುವವಳೂ ಕೊನೆಗೆ ಅವಳೇ. ಅವಳನ್ನು ಯಾರೂ ಒತ್ತಾಯಿಸಿಲ್ಲ. ದಣಿದಿದ್ದಾಳೆ, ಕೆಲಸಕ್ಕೆ ಹೋಗುತ್ತಿದ್ದಾಳೆ, ಮನೆಯ ಭಾರ ಹೆಗಲಿಗೆ ಬಂದಿದೆ. ಅಣ್ಣ ಸತ್ತ ದಿನ ಅಪ್ಪ ಅಮ್ಮನ ಜೊತೆ ಟ್ರಾಮಿನಲ್ಲಿ ಊರಾಚೆ ಹೋಗುವಾಗ, ಇವಳಿಗೆ ಇನ್ನು ಗಂಡು ನೋಡಬಹುದು ಎಂದು ಹೆತ್ತವರಿಗೆ ಅನ್ನಿಸುತ್ತದೆ. ಮನೆಗೆ, ಸಮಾಜಕ್ಕೆ ಒಪ್ಪುವ ಹುಡುಗಿಯಾಗಿದ್ದಾಳೆ. ಕಾಫ್ಕಾನ ಆ ಕೊನೆಯ ಬಿಸಿಲು ನನಗೆ ಲಾಟರಿ ದಿನದ ಬಿಸಿಲಿನ ಜೊತೆಗೇ ನೆನಪಾಗುತ್ತದೆ.

ಯಮುನಕ್ಕನ ಜೊತೆಗಿದ್ದ ಮಾಣಿ

ಕನ್ನಡದವರು ಈ ಮಾತು ಎತ್ತಿದ ಮೇಲೆ ಅನಂತಮೂರ್ತಿಯವರ ‘ಘಟಶ್ರಾದ್ಧ’ಕ್ಕೆ ಬರದೆ ಗತಿಯಿಲ್ಲ. ಕತೆ ಎಲ್ಲರಿಗೂ ಗೊತ್ತು. 1977ರ ಗಿರೀಶ್ ಕಾಸರವಳ್ಳಿಯವರ ಸಿನಿಮಾ ನೋಡಿದವರಿಗೆ ಆ ಹುಡುಗನ ಕಣ್ಣೂ ಗೊತ್ತು. ಅಪ್ಪ ಅಮ್ಮನ ನೆನಪಾಗಿ ಅಳುವ, ದೊಡ್ಡ ಹುಡುಗರ ಕಾಟ ತಿನ್ನುವ ಆ ಮಾಣಿಗೆ ವೇದಪಾಠಶಾಲೆಯಲ್ಲಿ ಇರುವ ಒಂದೇ ಮಡಿಲು ಪಾಠ ಹೇಳುವ ಉಡುಪರ ಮಗಳು, ವಿಧವೆ ಯಮುನಕ್ಕ. ಅವಳು ಬಸಿರಾದದ್ದನ್ನು ಅಗ್ರಹಾರ ಮೂಸಿ ಮೂಸಿ ಕಂಡುಹಿಡಿಯುವ ಬಗೆ, ಪಾಠಶಾಲೆಯ ದೊಡ್ಡ ಹುಡುಗರಿಗೆ ಅದರಲ್ಲಿ ಸಿಗುವ ಹುರುಪು, ಇವೆಲ್ಲವನ್ನೂ ನಾವು ಈ ಎಳೆಯನ ಕಣ್ಣಿನಿಂದಲೇ ನೋಡುತ್ತೇವೆ. ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಅವಳು ಸಾಯಬೇಕೆಂದು ಹಾವಿನ ಹುತ್ತಕ್ಕೆ ಕೈ ಹಾಕುವಾಗ ಹತ್ತಿರದಲ್ಲಿ ಇರುವ ಮನುಷ್ಯಜೀವ ಅವನೊಬ್ಬನೇ. ಊರಿನ ಹಿರಿಯರು, ಶಾಸ್ತ್ರ ತಿಳಿದವರು, ಅವಳನ್ನು ಈ ಗತಿಗೆ ತಂದ ಶಾಲೆಯ ಮೇಷ್ಟ್ರು, ಇವರಲ್ಲಿ ಒಬ್ಬರೂ ಅಲ್ಲಿಲ್ಲ.

ಡೇವಿಗಿಂತ ಈ ಹುಡುಗ ಬಹಳ ಹೆಚ್ಚು ನೋಡುತ್ತಾನೆ. ಅವನ ಕೈಗೂ ಹರಳು ಬಂದೇ ಬರುತ್ತದೆ. ಅವಳ ಜೊತೆ ಮಾತಾಡಬೇಡ, ಅವಳನ್ನು ಮುಟ್ಟಬೇಡ, ಅವಳು ಹಾಳಾದವಳು ಎನ್ನುವ ಮಾತುಗಳಿಗಿಂತ ಬೇರೆ ಹರಳು ಬೇಕೆ? ಅದು ಅವನ ಕೈಯಲ್ಲಿ ನಿಲ್ಲುವುದಿಲ್ಲ, ಯಾಕೆಂದರೆ ಮಾತು ಬರುವುದಕ್ಕಿಂತ ಮೊದಲು ಅವಳ ಮಡಿಲು ಬಂದಿದೆ. ಯಮುನಕ್ಕ ಯಾರು ಎಂದು ಅವನಿಗೆ ಊರು ಹೇಳಿಕೊಡುವ ಮೊದಲೇ ಗೊತ್ತು. ನನಗೆ ಈ ಕತೆಯ ಅತಿ ದೊಡ್ಡ ಸಂಗತಿ ಇದು. ಬದುಕಿರುವ ಮಗಳಿಗೆ ಅಪ್ಪ ಶ್ರಾದ್ಧ ಮಾಡುವುದು ಎಲ್ಲ ಚರ್ಚೆಗಳಲ್ಲೂ ಬರುತ್ತದೆ. ಅದೇ ಅಪ್ಪ ಮುಂದೆ ಚಿಕ್ಕ ಹುಡುಗಿಯನ್ನು ಮದುವೆಯಾಗಲು ಹೊರಟ ಸುದ್ದಿ ಸಿನಿಮಾದ ಕೊನೆಯಲ್ಲಿ ಕಿವಿಗೆ ಬಿದ್ದಾಗ ಹೊಟ್ಟೆ ಉರಿಯುತ್ತದೆ. ಆದರೆ ಮಾಣಿಯನ್ನು ಅವನ ಅಪ್ಪ ಬಂದು ಕರೆದುಕೊಂಡು ಹೋಗುವುದನ್ನು ನಾವು ಅಷ್ಟಾಗಿ ಮಾತಾಡುವುದಿಲ್ಲ. ಒಳ್ಳೆಯ ಅಪ್ಪ ಮಾಡಬೇಕಾದದ್ದನ್ನೇ ಅವನು ಮಾಡಿದ. ಕೆಟ್ಟುಹೋದ ಜಾಗದಿಂದ ಮಗನನ್ನು ಬಿಡಿಸಿಕೊಂಡ. ತಲೆ ಬೋಳಿಸಿ ಕೂರಿಸಿದ ಯಮುನೆ ಅಲ್ಲೇ ಒಬ್ಬಳೇ ಉಳಿಯುತ್ತಾಳೆ. ಅವಳಿಗಿದ್ದ ಕೊನೆಯ ಜೊತೆಯನ್ನು ಕಿತ್ತುಕೊಂಡದ್ದು ಅಗ್ರಹಾರದ ತೀರ್ಪಲ್ಲ, ಒಬ್ಬ ತಂದೆಯ ಕಾಳಜಿ.

ಬಂದ ಕಾಗದಗಳು, ಮನೆಯ ಓದು

ಜಾಕ್ಸನ್ ತನ್ನ ಕತೆಗೆ ಬಂದ ಕಾಗದಗಳ ಬಗ್ಗೆ ಮುಂದೆ ಒಂದು ಉಪನ್ಯಾಸದಲ್ಲಿ ಹೇಳಿಕೊಂಡಿದ್ದಾರೆ. ಆ ಬೇಸಿಗೆಯಲ್ಲೇ ಮುನ್ನೂರಕ್ಕೂ ಹೆಚ್ಚು ಬಂದವಂತೆ. ಹೆಚ್ಚಿನವು ಗೊಂದಲದವು, ಊಹೆಯವು, ಬೈಗುಳದವು. ಅವರ ತಾಯಿಯೇ, ನನಗೂ ನಿನ್ನ ಅಪ್ಪನಿಗೂ ಈ ಕತೆ ಸ್ವಲ್ಪವೂ ಹಿಡಿಸಲಿಲ್ಲ ಎಂದು ಬರೆದಿದ್ದರು. ಈ ಲಾಟರಿಗಳು ಎಲ್ಲಿ ನಡೆಯುತ್ತವೆ, ನಾವು ಹೋಗಿ ನೋಡಬಹುದೇ ಎಂದು ಕೇಳಿದವರ ವಿಷಯ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ದಕ್ಷಿಣ ಆಫ್ರಿಕಾದ ಆಗಿನ ಸರ್ಕಾರ ಕತೆಯನ್ನು ನಿಷೇಧಿಸಿದಾಗ, ಅವರಿಗಾದರೂ ಕತೆ ಅರ್ಥವಾಯಿತಲ್ಲ ಎಂದು ಜಾಕ್ಸನ್‌ಗೆ ಹೆಮ್ಮೆಯಾಗಿತ್ತು.

ಈಚೆಗೆ ಇದನ್ನು ಒಂಬತ್ತನೇ ಕ್ಲಾಸಿನಲ್ಲಿರುವ ಅಕ್ಕನ ಮಗಳಿಗೆ, ವಾಕ್ಯ ವಾಕ್ಯವಾಗಿ ಕನ್ನಡದಲ್ಲಿ ಹೇಳುತ್ತ ಓದಿದೆ. ಅಕ್ಕ ಅಡುಗೆಮನೆಯಿಂದಲೇ, ‘ಇಂಥದ್ದನ್ನೆಲ್ಲ ಮಕ್ಕಳಿಗೆ ಯಾಕೆ ಓದಿಸ್ತೀಯೆ? ರಾತ್ರಿ ನಿದ್ದೆ ಬರಲ್ಲ ಅವಳಿಗೆ’ ಎಂದಳು. ಹುಡುಗಿ ಹೆದರಲಿಲ್ಲ. ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದುಕೊಂಡಿರಿ? ಮುದುಕ ವಾರ್ನರ್ ಮೇಲಲ್ಲ, ಸಮರ್ಸ್ ಮೇಲಲ್ಲ, ನ್ಯಾನ್ಸಿಯ ಮೇಲೆ. ‘ಹನ್ನೆರಡು ವರ್ಷ ಚಿಕ್ಕಮ್ಮ. ಡೇವಿ ಪಾಪು, ಬಿಡು. ಇವಳಿಗೆ ಗೊತ್ತಾಗಲ್ವಾ? ಇವಳೂ ಹೊಡೆದ್ಲಾ?’ ಇಬ್ಬರೂ ಕೊನೆಯ ಪ್ಯಾರಾವನ್ನು ಮತ್ತೆ ಹುಡುಕಿದೆವು. ನ್ಯಾನ್ಸಿ ಹೊಡೆದಳು ಎಂದೂ ಇಲ್ಲ, ಹೊಡೆಯಲಿಲ್ಲ ಎಂದೂ ಇಲ್ಲ. ಅವಳ ಗೆಳತಿಯರು ಆಗ ಏನು ಮಾಡುತ್ತಿದ್ದರು ಎಂದೂ ಇಲ್ಲ. ಚೀಟಿ ಬಿಚ್ಚುವ ಮೊದಲು ‘ನ್ಯಾನ್ಸಿ ಆಗದಿರಲಿ’ ಎಂದು ಪಿಸುಗುಟ್ಟಿದ ಹುಡುಗಿಯೊಬ್ಬಳಿದ್ದಾಳೆ. ಅಕ್ಕನ ಮಗಳಿಗೆ ಅವಳೊಬ್ಬಳು ಹಿಡಿಸಿದಳು. ಅವಳಾದರೂ ಹೊಡೆದಿರಲಿಕ್ಕಿಲ್ಲ ಎಂದು ಅವಳ ನಂಬಿಕೆ. ನನಗೆ ಅಷ್ಟು ನಂಬಿಕೆಯಿಲ್ಲ, ಅದನ್ನು ಅವಳಿಗೆ ಹೇಳಿಯೂ ಬಿಟ್ಟೆ.

ಹದಿನಾಲ್ಕಕ್ಕೆ ಇದು ಬೇಗವಾಯಿತು ಎನ್ನುವ ಅಕ್ಕನ ಮಾತನ್ನು ನಾನು ಒಪ್ಪುವುದಿಲ್ಲ. ಹರಳು ಕೈಗೆ ಬರುವುದು ಅದಕ್ಕಿಂತ ಎಷ್ಟೋ ಮೊದಲು. ಆ ಹುಡುಗಿಯ ಕ್ಲಾಸಿನಲ್ಲೇ ಒಬ್ಬಳ ಜೊತೆ ಯಾರೂ ಊಟದ ಡಬ್ಬಿ ಬಿಚ್ಚುವುದಿಲ್ಲವಂತೆ, ಕಾರಣ ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ. ಕತೆ ಮುಗಿದ ಮೇಲೆ ಅವಳಾಗಿಯೇ ಹೇಳಿದ ಸುದ್ದಿ ಇದು, ನಾನು ಕೇಳಿರಲಿಲ್ಲ. ಅದರ ಬಗ್ಗೆ ಉಪದೇಶಕ್ಕೆ ಇಳಿಯದೆ ಸುಮ್ಮನಿದ್ದೆ. ಈ ವಾರ ‘ಘಟಶ್ರಾದ್ಧ’ ಹಿಡಿದಿದ್ದೇವೆ. ಮಾಣಿ ಅಪ್ಪನ ಕೈ ಬಿಡಿಸಿಕೊಂಡು ಯಮುನಕ್ಕನ ಹತ್ತಿರ ಓಡಬೇಕಾಗಿತ್ತು ಎಂದು ಅವಳ ವಾದ. ಅಷ್ಟು ಚಿಕ್ಕವನು ಓಡಿ ಎಲ್ಲಿ ಇರುತ್ತಾನೆ, ಯಾರು ಅನ್ನ ಹಾಕುತ್ತಾರೆ ಎಂದು ನಾನು. ಎರಡು ರಾತ್ರಿಯಿಂದ ಇದೇ ಜಗಳ ನಡೆದಿದೆ, ಅಕ್ಕನೂ ಈಗ ಪಾತ್ರೆ ಬಿಟ್ಟು ಬಂದು ಕೂರುತ್ತಿದ್ದಾಳೆ. ಅವಳು ಮಗಳ ಕಡೆ.